ಕೈಯಳತೆಯ ಯಂತ್ರ, ಕೈತಪ್ಪಿದ ಅವಕಾಶ

ಮಕ್ಕಳ ಕೈಯಲ್ಲಿರುವ ಗೇಮ್ ಕಂಟ್ರೋಲರನ್ನು ಹಿರಿಯರು ಸಾಮಾನ್ಯವಾಗಿ ಅನುಮಾನದಿಂದಲೇ ನೋಡುತ್ತಾರೆ. ಓದಿಗೆ ಅದು ಅಡ್ಡಿ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಅಂಗೈಯಗಲದ ಆ ಸಾಧನ ಒಂದು ನಾಡಿನ ವಿನ್ಯಾಸ ಸಾಮರ್ಥ್ಯದ ಅಳತೆಗೋಲೂ ಹೌದು. ಆ ಸಾಮರ್ಥ್ಯದಲ್ಲಿ ಕರ್ನಾಟಕ ಒಮ್ಮೆ ಮುಂಚೂಣಿಯಲ್ಲಿತ್ತೆಂಬುದನ್ನು ಇಂದು ನೆನೆಯುವವರು ವಿರಳ.

ಇಂತಹ ಸಾಧನದಲ್ಲಿ ಎರಡು ಕೆಲಸಗಳು ನಡೆಯಬೇಕು. ಕೈಯ ಚಲನೆ ಯಂತ್ರಕ್ಕೆ ತಿಳಿಯಬೇಕು. ಯಂತ್ರದ ಉತ್ತರ ಕೈಗೆ ತಿಳಿಯಬೇಕು. ಮೊದಲನೆಯದಕ್ಕಾಗಿ ಸಿಲಿಕಾನಿನಲ್ಲಿ ಕೊರೆದ ಅತಿಸೂಕ್ಷ್ಮ ತೂಕವೊಂದನ್ನು ಸ್ಪ್ರಿಂಗುಗಳ ಆಸರೆಯಲ್ಲಿ ತೂಗಬಿಟ್ಟಿರುತ್ತಾರೆ. ಸಾಧನ ಅಲುಗಿದಾಗ ತೂಕ ತುಸು ಸರಿಯುತ್ತದೆ. ಅದರಿಂದ ಉಂಟಾಗುವ ವಿದ್ಯುತ್ ವ್ಯತ್ಯಾಸವನ್ನು ಅಳೆದು ಚಲನೆಯನ್ನು ಲೆಕ್ಕ ಹಾಕಲಾಗುತ್ತದೆ. ಎರಡನೆಯದಕ್ಕೆ ಪುಟ್ಟ ಮೋಟರು ಬೇಕು. ಹಿಂದೆ ಮೋಟರಿನ ಒಂದು ಬದಿಗೆ ಕಟ್ಟಿದ ಭಾರ ತಿರುಗಿ ಇಡೀ ಸಾಧನವೇ ನಡುಗುತ್ತಿತ್ತು. 2020ರಲ್ಲಿ ಬಂದ ಸೋನಿಯ ಡ್ಯುಯಲ್‌ಸೆನ್ಸ್‌ನಲ್ಲಿ ಬೆರಳಿನಡಿಯ ಗುಂಡಿಯೇ ಬಿಗಿಯಾಗಿ ಬಿಲ್ಲಿನ ಹೆದೆ ಎಳೆದ ಅನುಭವ ಕೊಡುತ್ತದೆ. ತೂಕ, ಬ್ಯಾಟರಿ, ಬೆಲೆ ಮತ್ತು ಉತ್ತರ ತಲುಪುವ ವಿಳಂಬ, ಈ ನಾಲ್ಕನ್ನೂ ಸರಿದೂಗಿಸುವುದೇ ವಿನ್ಯಾಸಕಾರನ ನಿಜವಾದ ಪರೀಕ್ಷೆ.

ಈ ಪರೀಕ್ಷೆಗೆ ಬೆಂಗಳೂರು ಬಹಳ ಹಿಂದೆಯೇ ಕುಳಿತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. ಸಾಮಾನ್ಯ ಜನರಿಗೆ ಅವರ ಭಾಷೆಯಲ್ಲೇ ಕೆಲಸ ಮಾಡುವ ಅಗ್ಗದ ಕೈಗಣಕ ಒದಗಿಸುವುದು ಅವರ ಗುರಿ. ಪಿಕೊಪೇಟಾ ಸಂಸ್ಥೆ ರೂಪಿಸಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿದಾ ಸಿಂಪ್ಯೂಟರ್ 2004ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಂದಾಗ ಅದರೊಳಗೆ ಚಲನೆ ಗ್ರಹಿಸುವ ಸಂವೇದಕವಿತ್ತು. ಓರೆ ಮಾಡಿ ಆಡುವ ಆಟ ಜಪಾನಿನಲ್ಲಿ 2000ದಲ್ಲೇ ಬಂದಿತ್ತಾದರೂ, ಚಲನೆಯ ಆಟವನ್ನು ಮನೆಮಾತಾಗಿಸಿದ ನಿಂಟೆಂಡೊ ವೀ ಬಂದದ್ದು 2006ರ ನವೆಂಬರಿನಲ್ಲಿ. ಐಫೋನ್ ಬಂದದ್ದು 2007ರಲ್ಲಿ.

ಹಾಗಿದ್ದೂ ಸಿಂಪ್ಯೂಟರ್ ನೆಲಕಚ್ಚಿತು. ಸುಮಾರು 9,000 ರೂಪಾಯಿಗೆ ನೀಡಬೇಕೆಂದಿದ್ದ ಸಾಧನದ ಬೆಲೆ ಅಮಿದಾ ರೂಪದಲ್ಲಿ 12,500 ರೂಪಾಯಿಯಿಂದ ಮೇಲಕ್ಕಿತ್ತು. 50,000 ಮಾರುವ ಗುರಿಯಿದ್ದಲ್ಲಿ 2005ರ ವೇಳೆಗೆ ಮಾರಾಟವಾದದ್ದು ಸುಮಾರು 4,000. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ವಿಷವರ್ತುಲ: ಬೇಡಿಕೆ ಕಡಿಮೆಯಾದ್ದರಿಂದ ಉತ್ಪಾದನೆ ಕಡಿಮೆ, ಉತ್ಪಾದನೆ ಕಡಿಮೆಯಾದ್ದರಿಂದ ಬೆಲೆ ದುಬಾರಿ, ಬೆಲೆ ದುಬಾರಿಯಾದ್ದರಿಂದ ಬೇಡಿಕೆ ಮತ್ತಷ್ಟು ಕಡಿಮೆ. ಈ ವರ್ತುಲವನ್ನು ಮುರಿಯಬಲ್ಲ ದೊಡ್ಡ ಗ್ರಾಹಕ ಸರ್ಕಾರ. ರಾಜ್ಯದ ಭೂದಾಖಲೆಯ ಕೆಲಸದಲ್ಲಿ ಸಿಂಪ್ಯೂಟರ್ ಬಳಕೆಯಾಯಿತಾದರೂ ಅದನ್ನು ಉಳಿಸುವಷ್ಟು ಬೇಡಿಕೆ ಹುಟ್ಟಲಿಲ್ಲ. ಸೇವಾವಧಿಯಲ್ಲಿ ನಾನು ಕಂಡ ಬಹುತೇಕ ಟೆಂಡರುಗಳು ಅತಿ ಕಡಿಮೆ ಬೆಲೆ, ಹಿಂದಿನ ವರ್ಷಗಳ ವಹಿವಾಟು, ಈಗಾಗಲೇ ಪೂರೈಸಿದ ಅನುಭವ ಇವನ್ನೇ ಕೇಳುತ್ತಿದ್ದವು. ಹೊಸತನ್ನು ಕಂಡುಹಿಡಿದವನಲ್ಲಿ ಈ ಮೂರೂ ಇರುವುದಿಲ್ಲ.

ನಾನು ನೆಲೆಸಿರುವ ಕ್ಯಾತ್ಸಂದ್ರದ ಸುತ್ತಲಿನ ಚಿತ್ರವೂ ಇದೇ ಪಾಠ ಹೇಳುತ್ತದೆ. ತುಮಕೂರಿನಲ್ಲಿ 1978ರಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆ 2016ರಲ್ಲಿ ಮುಚ್ಚಿತು. ಕೂದಲೆಳೆಯಂಥ ಸ್ಪ್ರಿಂಗನ್ನು ಕೂಡಿಸಬಲ್ಲ ಕೈಗಳು ಅಲ್ಲಿದ್ದವು. ಸೂಕ್ಷ್ಮ ಯಂತ್ರಗಳಿಗೆ ಬೇಕಾದ ಶಿಸ್ತು ಅದೇ. 1963ರಿಂದ ಇಲ್ಲಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಎಂಜಿನಿಯರುಗಳನ್ನು ರೂಪಿಸುತ್ತಿದೆ. ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬಂದಿವೆ, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ 2023ರಲ್ಲಿ ಉದ್ಘಾಟನೆಗೊಂಡಿದೆ. ಕೌಶಲವೂ ಇದೆ, ನೆಲವೂ ಇದೆ. ಆದರೂ ಸ್ವಂತ ವಿನ್ಯಾಸ ಮಾಡಬಯಸುವ ನಮ್ಮ ಹುಡುಗರು ಬೆಂಗಳೂರಿನ ಬಸ್ಸು ಹಿಡಿಯುತ್ತಾರೆ.

ರಾಜ್ಯ ಸರ್ಕಾರ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ನೀತಿ ತಂದಿತು; 2024ರಲ್ಲಿ ಅದನ್ನು ನವೀಕರಿಸಿತು. ಪರದೆಯ ಮೇಲಿನ ಚಿತ್ರಕ್ಕೆ ಸಂದ ಈ ಗಮನ ಕೈಯಲ್ಲಿ ಹಿಡಿಯುವ ಸಾಧನಕ್ಕೂ ಸಲ್ಲಬೇಕು. ಅದಕ್ಕೆ ಮೂರು ಕ್ರಮಗಳು ಅಗತ್ಯ. ಸಹಾಯಧನವನ್ನು ಹೂಡಿಕೆಯ ಮೊತ್ತಕ್ಕಷ್ಟೇ ಅಲ್ಲದೆ ಇಲ್ಲಿ ಹುಟ್ಟಿದ ವಿನ್ಯಾಸಕ್ಕೂ ಜೋಡಿಸಬೇಕು. ಸಂವೇದಕಗಳನ್ನು ಪರೀಕ್ಷಿಸುವ ಸಾರ್ವಜನಿಕ ಪ್ರಯೋಗಾಲಯವೊಂದು ತುಮಕೂರಿನಂಥ ಜಿಲ್ಲಾ ಕೇಂದ್ರದಲ್ಲಿರಬೇಕು. ಹೊಸ ಸಾಧನಗಳ ಮೊದಲ ಕಂತನ್ನು ಸರ್ಕಾರವೇ ಕೊಳ್ಳಬೇಕು. ಪಾರ್ಶ್ವವಾಯು ಪೀಡಿತರ ಕೈಗೆ ವ್ಯಾಯಾಮ ನೀಡಲು ವೀ ಸಾಧನವನ್ನು ಹಲವು ದೇಶಗಳ ಆಸ್ಪತ್ರೆಗಳು ಬಳಸಿವೆ. ನಮ್ಮ ಜಿಲ್ಲಾಸ್ಪತ್ರೆಗಳೇ ಅಂತಹ ಸಾಧನದ ಮೊದಲ ಗ್ರಾಹಕರಾಗಬಹುದು. ಎಲ್ಲ ಪ್ರಯೋಗಗಳೂ ಗೆಲ್ಲುವುದಿಲ್ಲ. ಕೆಲವು ಸೋಲುತ್ತವೆಂದು ಲೆಕ್ಕ ಪರಿಶೋಧಕರೂ ಒಪ್ಪಬೇಕಾಗುತ್ತದೆ.

ಇಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತಿದೆ. ಸಾವಿರಾರು ಮಂದಿಗೆ ಅದು ಅನ್ನ ಕೊಟ್ಟಿದೆ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಜೋಡಿಸಿದವನಿಗೆ ಸಿಗುವುದು ಕೂಲಿ. ಲಾಭದ ದೊಡ್ಡ ಪಾಲು ರೂಪಿಸಿದವನದು. ಐಫೋನಿಗಿಂತ ಮೂರು ವರ್ಷ ಮುಂಚೆ ಚಲನೆ ಅರಿಯುವ ಕೈಗಣಕ ರೂಪಿಸಿದ್ದ ನಾಡು ಕೂಲಿಗೇ ತೃಪ್ತವಾಗಬೇಕಿಲ್ಲ.