ಕಲಿಕೆ ಜರ್ನಲ್‌ನಲ್ಲೇ ಕಳೆದುಹೋಗಿತ್ತು

ಕೋಡ್ ಬರೆದುಕೊಡಲು ಚಾಟ್‌ಜಿಪಿಟಿ ಇರುವಾಗ ಕಂಪ್ಯೂಟರ್ ಸೈನ್ಸ್ ಯಾಕೆ ಓದಬೇಕು ಎಂದು ಮಕ್ಕಳು ಕೇಳುತ್ತಿದ್ದಾರೆ. ಚಾಟ್‌ಜಿಪಿಟಿಯನ್ನು ಕಾಲೇಜಿನೊಳಗೆ ಬಿಡಲೇಬಾರದು ಎಂದು ಹಿರಿಯರು ಹಟ ಹಿಡಿದಿದ್ದಾರೆ. ಕಲಿಕೆಗೆ ಹತ್ತಿದ ರೋಗದ ಶುರುವನ್ನು ಇಬ್ಬರೂ ಚಾಟ್‌ಜಿಪಿಟಿ ಬಂದ 2022ರ ನವೆಂಬರ್‌ನಿಂದ ಎಣಿಸುತ್ತಾರೆ. ಆದರೆ ಮುಲುಂಡಿನಿಂದ ಚರ್ಚ್‌ಗೇಟ್‌ವರೆಗೆ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ. ಐಟಿ, ಸಿಎಸ್ ಓದಿದವರಿಗೆ ಜರ್ನಲ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ, ಮಾಡಿದ ಪ್ರೋಗ್ರಾಮ್‌ಗಳನ್ನು ಬರೆದಿಟ್ಟು ಶಿಕ್ಷಕರ ಸಹಿ ಪಡೆದ ಜರ್ನಲ್ ಬೇಕು. ಸೀನಿಯರ್‌ನ ಜರ್ನಲ್ ಜೂನಿಯರ್ ಕೈಗೆ ಬರುತ್ತದೆ, ಔಟ್‌ಪುಟ್ ಸಮೇತ ನಕಲಾಗುತ್ತದೆ. ಚಾಟ್‌ಜಿಪಿಟಿ ಹೊಡೆತ ಕೊಟ್ಟಿದ್ದರೆ ಅದು ಝೆರಾಕ್ಸ್ ಅಂಗಡಿಗೆ. ಕಲಿಕೆ ಅದಕ್ಕೂ ಮೊದಲೇ ಕೈಬಿಟ್ಟುಹೋಗಿತ್ತು.

ಪೈಥಾನ್ ಆಯ್ತು, ಜಾವಾ ಆಯ್ತು ಎಂದು ವಿದ್ಯಾರ್ಥಿಗಳು ವಿಷಯವನ್ನು ಭಾಷೆಗಳ ಲೆಕ್ಕದಲ್ಲಿ ಮುಗಿಸುತ್ತಾರೆ. ಆದರೆ ವಿಷಯದ ತಿರುಳು ಭಾಷೆಯಲ್ಲಿಲ್ಲ. ಪಟ್ಟಿಯಲ್ಲಿ ಹೆಸರು ಹುಡುಕುವ ಬೈನರಿ ಸರ್ಚ್ ಎಂಬ ಹತ್ತು ಸಾಲಿನ ಪ್ರೋಗ್ರಾಮನ್ನೇ ನೋಡಿ. ಹತ್ತು ಲಕ್ಷ ಹೆಸರುಗಳ ಪಟ್ಟಿಯನ್ನು ಪ್ರತಿಸಲ ಅರ್ಧಕ್ಕೆ ಇಳಿಸುತ್ತ ಹೋದರೆ ಹೆಚ್ಚೆಂದರೆ 20 ಹೆಜ್ಜೆಗೆ ಹೆಸರು ಸಿಗುತ್ತದೆ. ಆದರೆ ಪಟ್ಟಿ ಅಕಾರಾದಿಯಾಗಿರಬೇಕು. ಇಲ್ಲದಿದ್ದರೂ ಪ್ರೋಗ್ರಾಮ್ ಓಡುತ್ತದೆ, ಎರರ್ ಕೊಡುವುದಿಲ್ಲ; ಇರುವ ಹೆಸರನ್ನೇ ಇಲ್ಲ ಎಂದು ಹೇಳಿಬಿಡಬಹುದು. ಅರ್ಧಕ್ಕೆ ಇಳಿಸುವುದು ಯಾಕೆ ಸರಿ ಎಂದು ತಿಳಿದವನಿಗೆ ಮಾತ್ರ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಯಂತ್ರ ಕೋಡ್ ಬರೆಯುವ ಕಾಲದಲ್ಲಿ ಸಂಬಳ ಕೊಡುವುದು ಆ ಕಣ್ಣಿಗೇ.

ಮಧ್ಯಮವರ್ಗದ ಮಕ್ಕಳಿಗೆ ಸಿದ್ಧಾಂತ ಅನ್ನ ಹಾಕುತ್ತದೆಯೇ, ಐರೋಲಿ ಸೇತುವೆಯಾಚೆ ಮೈಂಡ್‌ಸ್ಪೇಸ್ ಐಟಿ ಪಾರ್ಕ್‌ನಲ್ಲಿ ಕೆಲಸ ಸಿಕ್ಕರೆ ಸಾಲದೇ ಎಂಬ ಮಾತಿದೆ. ಸಂಕಟ ನಿಜ, ಹಗುರವಾಗಿ ಕಾಣುವಂಥದ್ದಲ್ಲ. ಆದರೆ 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿದಾಗ ಏಟು ಬಿದ್ದದ್ದು ಹೆಚ್ಚಾಗಿ ಮಧ್ಯಮ, ಹಿರಿಯ ಹಂತದವರಿಗೆ. ಒಂದು ಟೂಲ್ ಕಲಿತು ನಿವೃತ್ತಿವರೆಗೆ ದೂಡುವ ಲೆಕ್ಕಾಚಾರ ಇನ್ನು ನಡೆಯದು. ಕಲಿಯಲು ಸಾಮಗ್ರಿ ಇಲ್ಲ ಎನ್ನುವಂತೆಯೂ ಇಲ್ಲ: ಪಕ್ಕದ ಪೊವಾಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಕೇಳಸಿಗುತ್ತವೆ.

ಹಾಗೆಂದು ವಿದ್ಯಾರ್ಥಿಗಳನ್ನು ಸೋಮಾರಿಗಳೆಂದು ಬೈಯುವುದೂ ಅನ್ಯಾಯ. ಅಂಕ ಯಾವುದಕ್ಕೋ ಶ್ರಮವೂ ಅದಕ್ಕೇ. ಸಹಿಗೆ ಬೆಲೆಯಿದ್ದರೆ ಸಹಿ ಸಂಪಾದಿಸುತ್ತಾರೆ. ಜರ್ನಲ್ ಬಿಟ್ಟು, ಪ್ರೋಗ್ರಾಮನ್ನು ಎಲ್ಲಿಂದಾದರೂ ತರಲು ಬಿಡಿ. ಪರೀಕ್ಷಕರ ಎದುರು ಇಂಟರ್‌ನೆಟ್ ಇಲ್ಲದೆ ಅದರ ಒಂದು ಸಾಲು ಬದಲಿಸಿ, ಏನಾಗುತ್ತದೆಂದು ಮೊದಲೇ ಹೇಳಿ ಆಮೇಲೆ ಓಡಿಸಿ ತೋರಿಸಲಿ. ಇಷ್ಟು ಮಕ್ಕಳಿಗೆ ಸಮಯವೆಲ್ಲಿ ಎನ್ನುವವರು, ಪ್ರಾಕ್ಟಿಕಲ್ ಈಗಲೂ ಬ್ಯಾಚ್‌ಗಳಲ್ಲೇ ನಡೆಯುತ್ತದೆ ಎಂಬುದನ್ನು ಮರೆಯುತ್ತಾರೆ. ಜರ್ನಲ್ ತಿದ್ದುವ ಗಂಟೆಗಳು ಉಳಿದರೆ, ತಲೆಗೆ ಐದು ನಿಮಿಷ ಅಲ್ಲೇ ಸಿಗುತ್ತದೆ.