ಅಡುಗೆ ಅಂದ್ರೆ ಆಗದವರಿಗೊಂದು ಅಡುಗೆ ಪುಸ್ತಕ

ಬಸ್ ಸ್ಟ್ಯಾಂಡಿನ ಪುಸ್ತಕದಂಗಡೀಲಿ ಪಂಚಾಂಗ, ವಾಸ್ತು, ಮೂವತ್ತು ದಿನದಲ್ಲಿ ಇಂಗ್ಲಿಷು... ಇವುಗಳ ಪಕ್ಕದಲ್ಲೇ ದಾರಕ್ಕೆ ನೇತುಹಾಕಿರೋ ಅಡುಗೆ ಪುಸ್ತಕಗಳನ್ನ ನೀವೂ ನೋಡಿರ್ತೀರಿ. ಚಿಂತಾಮಣೀಲಿ ಕೊಂಡರೂ ಅಷ್ಟೆ, ಗೌರಿಬಿದನೂರಲ್ಲಿ ಕೊಂಡರೂ ಅಷ್ಟೆ. ಬರೆದವರಿಗೆ ಅಡುಗೆ ಅಂದ್ರೆ ಪ್ರಾಣ, ಓದೋರಿಗೂ ಹಾಗೇ ಇರುತ್ತೆ ಅನ್ನೋ ನಂಬಿಕೆ ಬೇರೆ. 'ದಿಢೀರ್' ಅಂತ ಹೆಸರಿಟ್ಟಿರೋ ತಿಂಡಿಗೂ ಹಿಂದಿನ ರಾತ್ರೀನೇ ಎರಡು ಬೇಳೆ ನೆನೆಹಾಕಿರಬೇಕು!

ಅಡುಗೆ ಅಂದ್ರೆ ಆಗದವರು ಏನು ಓದಬೇಕು ಸ್ವಾಮಿ?

ಅಮೆರಿಕದಲ್ಲಿ ಅಂಥವರಿಗೊಂದು ಪುಸ್ತಕ 1960ರಲ್ಲೇ ಬಂತು. ಜಾಹೀರಾತು ಬರೆಯೋ ಕೆಲಸ ಮಾಡ್ತಿದ್ದ ಪೆಗ್ ಬ್ರಾಕೆನ್ ಅನ್ನೋ ಹೆಣ್ಣುಮಗಳು ಬರೆದ 'ದಿ ಐ ಹೇಟ್ ಟು ಕುಕ್ ಬುಕ್'. ಗಂಡಸರಾದ ಸಂಪಾದಕರು ಒಬ್ಬರ ಮೇಲೊಬ್ಬರು ಬೇಡ ಅಂದರು. ಕೊನೆಗೆ ಒಪ್ಪಿಕೊಂಡಿದ್ದು ಒಬ್ಬ ಹೆಂಗಸು. ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯ್ತು. ಡಬ್ಬಿ ಸೂಪು ಸುರಿದು ಒಲೆಗಿಟ್ಟು ಮರೆತುಬಿಡಿ ಅನ್ನೋ ಥರದ ಅಡುಗೆಗಳು. ಅವು ನಮಗೆ ಉಪಯೋಗಕ್ಕೆ ಬರಲ್ಲ ಬಿಡಿ. ಆದರೆ ಆಕೆ ಅಡುಗೆ ಬಿಟ್ಟುಬಿಡಿ ಅಂತ ಎಲ್ಲೂ ಹೇಳಲಿಲ್ಲ. ದಿನಾ ಮಾಡಲೇಬೇಕು, ಇಷ್ಟವಿಲ್ಲ, ಬನ್ನಿ ನಗ್ತಾ ಬೇಗ ಮುಗಿಸೋಣ ಅಂದರು. ಆ ಮಧ್ಯದ ಮಾತು ನನಗೆ ಮುಖ್ಯ. 'ಇಷ್ಟವಿಲ್ಲ.'

ನಮ್ಮಲ್ಲಿ ಆ ಮಾತು ಹೇಳೋ ಹಕ್ಕು ಬ್ರಹ್ಮಚಾರಿ ಹುಡುಗರಿಗೆ ಮಾತ್ರ. ಹುಡುಗ ಅನ್ನ ಸೀಸಿದ ಕಥೆ ಬರೆದರೆ ಹಾಸ್ಯ. ಮದುವೆಯಾದ ಹೆಂಗಸು ನಂಗೆ ಅಡುಗೆ ಬೇಜಾರು ಅಂದ್ರೆ, ಅಯ್ಯೋ ಪಾಪ ಆ ಗಂಡ ಅಂತಾರೆ! (ಯಾರೂ ಆ ಹೆಂಗಸಿಗೆ ಪಾಪ ಅನ್ನಲ್ಲ, ಗಮನಿಸಿ.) ಕನ್ನಡದ ಹಳೇ ಅಡುಗೆ ಪುಸ್ತಕಗಳನ್ನೇ ತಗೊಳ್ಳಿ. 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯ ಇದೆ. 16ನೇ ಶತಮಾನದ ಮೂರನೇ ಮಂಗರಸ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ಾನೇ ಬರೆದ. ಬದನೆಕಾಯಿ, ಬಾಳೆಕಾಯಿ, ಹಲಸು ಯಾವುದನ್ನೂ ಬಿಟ್ಟಿಲ್ಲ. ಇಬ್ಬರೂ ಗಂಡಸರು. ದಿನಾ ಬೆಳಿಗ್ಗೆ ಎದ್ದು ಒಲೆ ಊದೋರಿಗೆ ಬದನೆಕಾಯಿ ಮೇಲೆ ಪದ್ಯ ಬರೆಯೋ ಹುಮ್ಮಸ್ಸು ಉಳಿಯುತ್ತಾ? ನನಗಂತೂ ಅನುಮಾನ :-)

ಈಗ ನಮ್ಮೂರ ಕಡೆ ಬನ್ನಿ. ಶಿಡ್ಲಘಟ್ಟದ ಹತ್ತಿರದ ಹಳ್ಳೀಲಿರೋ ನಮ್ಮ ದೊಡ್ಡಮ್ಮನ ಮನೇಲಿ ರೇಷ್ಮೆ ಹುಳು ಸಾಕ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನೋದಿದೆಯಲ್ಲ, ಅದು ಹುಟ್ಟಿದಾಗಿನಿಂದ ತಿನ್ನೋ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ. ಸೊಪ್ಪು ಕೊಯ್ದು, ಹೊತ್ತು ತಂದು, ಹಾಸಿ, ಮತ್ತೆ ಕೊಯ್ಯೋಕೆ ಹೋಗಬೇಕು. ಸಾವಿರಾರು ಬಾಯಿಗೆ ಊಟ ಹಾಕಿ ಬಂದವಳು ಮನೆಯ ಆರು ಬಾಯಿಗೆ ಏನು ಮಾಡ್ತಾಳೆ? ಉಪ್ಪುಸಾರು, ಮುದ್ದೆ.

ನಿಂಗೆ ಅಡುಗೆ ಅಂದ್ರೆ ಇಷ್ಟಾನಾ ದೊಡ್ಡಮ್ಮ ಅಂತ ಒಂದ್ಸಲ ಕೇಳಿದೆ. "ಇಷ್ಟ ಕಷ್ಟ ಅಂತ ಯಾರು ಕೇಳ್ತಾರೆ ಕಣಮ್ಮಿ, ಹೊಟ್ಟೆ ಕೇಳ್ತದೆ ಅಷ್ಟೆ" ಅಂದಳು. ಪೆಗ್ ಬ್ರಾಕೆನ್ ಇಡೀ ಪುಸ್ತಕ ಬರೆದಳು, ಇವಳು ಒಂದೇ ಸಾಲಲ್ಲಿ ಮುಗಿಸಿದಳು.

ಬೆಂಗಳೂರಿನ ಹೋಟೆಲುಗಳಲ್ಲಿ ಬಸ್ಸಾರು-ಮುದ್ದೆಗೆ 'ಸಾಂಪ್ರದಾಯಿಕ' ಅಂತ ಬೋರ್ಡು ಹಾಕಿ ಮಾರ್ತಾರಲ್ಲ, ನೋಡಿದಾಗೆಲ್ಲ ನಗು ಬರುತ್ತೆ. ಕಾಳು ಸೊಪ್ಪು ಒಂದೇ ಪಾತ್ರೇಲಿ ಬೇಯಿಸು, ನೀರು ಬಸಿ, ಬಸಿದಿದ್ದು ಸಾರಿಗೆ, ಉಳಿದಿದ್ದು ಪಲ್ಯಕ್ಕೆ. ಇದು ಅಡುಗೆಯನ್ನ ಪ್ರೀತಿಸಿದವರು ಕಂಡುಹಿಡಿದಿದ್ದು ಅನ್ನಿಸುತ್ತಾ ನಿಮಗೆ? ಹೊಲಕ್ಕೆ ಹೊತ್ತಾಗಿದ್ದವರು ಕಂಡುಹಿಡಿದಿದ್ದು ಅಂತ ನನ್ನ ವಾದ. ಅದಕ್ಕೇ ಅದು ಅಷ್ಟು ಚೆನ್ನಾಗಿದೆ.

ಹಾಗಾಗಿ ಕನ್ನಡದಲ್ಲಿ ಇಂಥ ಪುಸ್ತಕ ಬರೆಯೋರು ಅಮೆರಿಕದ ಡಬ್ಬಿ ಸೂಪಿನ ತರ್ಜುಮೆ ಮಾಡಬೇಕಾಗಿಲ್ಲ. ಸಾಮಾನು ನಮ್ಮ ಅಡುಗೆಮನೇಲೇ ಇದೆ, ಬೇಕಿರೋದು ನಗೋ ಧೈರ್ಯ. ಟಿ. ಸುನಂದಮ್ಮ 'ಕೊರವಂಜಿ' ಕಾಲದಲ್ಲೇ ಮನೆವಾರ್ತೆಯನ್ನ ಹಾಸ್ಯಕ್ಕೆ ಎಳೆದು ತಂದರಲ್ಲ, ದಾರಿಯೇನೋ ಇದೆ. ಫೋನಲ್ಲಿ ಒತ್ತಿದರೆ ಊಟ ಮನೆಗೇ ಬರುತ್ತಲ್ಲ, ಪುಸ್ತಕ ಯಾಕೆ ಅಂತೀರಾ? ನಮ್ಮ ದೊಡ್ಡಮ್ಮನ ಹಳ್ಳಿಗೆ ಒತ್ತಿ ನೋಡಿ!

ನನ್ನ ಕಡೆಯಿಂದ ಒಂದು ಅಧ್ಯಾಯ ಈಗಲೇ ಕೊಡ್ತೀನಿ: 'ಯಾವತ್ತೂ ಮಾಡಬಾರದ ಅಡುಗೆಗಳು'. ಮೊದಲನೇದು ಹಿತಕಿದ ಬೇಳೆ ಸಾರು. ಅವರೆಕಾಳು ಸುಲಿ, ರಾತ್ರಿಯೆಲ್ಲ ನೆನೆಸು, ಬೆಳಿಗ್ಗೆ ಒಂದೊಂದೇ ಕಾಳು ಹಿಡಿದು ಹಿತುಕು, ಅದು ಪುಸಕ್ಕಂತ ಹಾರಿ ಮಂಚದ ಕೆಳಗೆ ಹೋದರೆ ಬಗ್ಗಿ ಹುಡುಕು. ವಿಧಾನ: ಜನವರಿಯಲ್ಲಿ ಚಿಕ್ಕಬಳ್ಳಾಪುರದ ಕಡೆ ಯಾರಾದರೂ ನೆಂಟರು ಇದ್ದಾರಾ ನೋಡಿ. ಹೋಗುವಾಗ ಒಂದು ಡಜನ್ ಬಾಳೆಹಣ್ಣು ತಗೊಂಡು ಹೋಗಿ. ಊಟದ ಹೊತ್ತಿಗೆ ಸರಿಯಾಗಿ ತಲುಪಿ. ಹಿತುಕೋ ಹೊತ್ತಿಗಲ್ಲ.