ಹೂತುಹೋದ ಹೊಸ್ತಿಲು

ಹಳೆಯ ಮನೆಗೆ ಹೊಸ ನೆಲ ಬಂದಿದೆಯೇ ಎಂದು ತಿಳಿಯಲು ನೆಲವನ್ನೇ ನೋಡಬೇಕಾಗಿಲ್ಲ. ಹೊಸ್ತಿಲನ್ನು ನೋಡಿದರೆ ಸಾಕು. ಒಂದು ಕಾಲಕ್ಕೆ ಮೂರು ಬೆರಳು ಎತ್ತರವಿದ್ದ ಹೊಸ್ತಿಲು ಒಂದೇ ಬೆರಳಿಗೆ ಇಳಿದಿರುತ್ತದೆ. ಬಾಗಿಲಿನ ಕೆಳಗಣ ಅಂಚನ್ನು ಬಡಗಿ ಹೆರೆದಿರುತ್ತಾನೆ. ಮನೆಯವರು ಇದನ್ನು ಮರೆತುಬಿಡುತ್ತಾರೆ. ಆದರೆ ಶುಕ್ರವಾರ ಶುಕ್ರವಾರ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುವ ಕೈಗೆ ಮಾತ್ರ ಮರೆವು ಬರುವುದಿಲ್ಲ.

ಬೆಂಗಳೂರಿನ ಜಯನಗರ 1948ರಲ್ಲಿ ಹುಟ್ಟಿದ ಬಡಾವಣೆ. ಅಲ್ಲಿನ ಒಂದು ಮನೆಯ ಯಜಮಾನರು 1962ರಲ್ಲಿ ಸಾಲ ಮಾಡಿ ಗೋಡೆ ಎಬ್ಬಿಸಿದರು. ಸಾಲದಲ್ಲಿ ಉಳಿದ ಹಣವನ್ನೆಲ್ಲ ನೆಲಕ್ಕೆ ಸುರಿದರು. ನಡುಮನೆಗೆ ಮೊಸಾಯಿಕ್ ನೆಲವೇ ಆಗಬೇಕೆಂಬುದು ಅವರ ಹಟ. ಆಗ ಹೊಸದಾಗಿ ಮದುವೆಯಾಗಿ ಬಂದಿದ್ದ ಅವರ ಪತ್ನಿ, ಹಸಿ ಸಿಮೆಂಟಿನ ಮೇಲೆ ಬಿಳಿ, ಕಪ್ಪು, ಕೆಂಗಂದು ಬಣ್ಣದ ಅಮೃತಶಿಲೆಯ ಚೂರುಗಳು ಹರಡಿಕೊಂಡುದನ್ನು ಬಾಗಿಲಲ್ಲಿ ನಿಂತು ನೋಡಿದ್ದರು.

ಟೆರಾಜೊ ಎಂದು ಪಾಶ್ಚಾತ್ಯರು ಕರೆಯುವ, ನಮ್ಮಲ್ಲಿ ಮೊಸಾಯಿಕ್ ಎಂದೇ ರೂಢಿಯಾದ ಈ ನೆಲದ ಹುಟ್ಟು ಒಂದು ಬಗೆಯ ಮಿತವ್ಯಯದಲ್ಲಿದೆ. ಇಟಲಿಯ ವೆನಿಸ್ ನಗರದ ಕುಶಲಕರ್ಮಿಗಳು ಸಿರಿವಂತರ ಅರಮನೆಗಳಿಗೆ ಅಮೃತಶಿಲೆಯನ್ನು ಕಡಿದಾಗ ಉಳಿಯುತ್ತಿದ್ದ ಚೂರುಗಳನ್ನು ಸುಣ್ಣದ ಗಾರೆಯಲ್ಲಿ ಕೂಡಿಸಿ, ತಿಕ್ಕಿ, ನುಣುಪು ಮಾಡಿದರು. ಹೊಳಪಿಗಾಗಿ ಆಡಿನ ಹಾಲು ಬಳಿಯುತ್ತಿದ್ದರೆಂದೂ ಹೇಳುವುದುಂಟು. ಕಸವೆಂದು ಎಸೆಯಬೇಕಾದುದು ಕಾಲಡಿಯ ಅಲಂಕಾರವಾಯಿತು. ಇಟಲಿಯ ಸ್ಪಿಲಿಂಬೆರ್ಗೊ ಎಂಬ ಊರಿನಲ್ಲಿ ಮೊಸಾಯಿಕ್ ಕಲೆಯನ್ನು ಕಲಿಸುವುದಕ್ಕೆಂದೇ 1922ರಲ್ಲಿ ಶಾಲೆಯೊಂದು ತೆರೆಯಿತು. ಸುಣ್ಣದ ಜಾಗಕ್ಕೆ ಸಿಮೆಂಟು ಬಂದಮೇಲೆ ಈ ವಿದ್ಯೆ ದೇಶದೇಶಗಳಿಗೆ ಹಬ್ಬಿ, ನಮ್ಮ ಮಧ್ಯಮ ವರ್ಗದ ನಡುಮನೆಗಳಿಗೂ ಬಂದಿತು.

ಅದರ ರಚನೆಯೂ ಸರಳ. ಕೆಳಗೆ ಕಾಂಕ್ರೀಟು, ಅದರ ಮೇಲೆ ಗಾರೆಯ ಹಾಸು, ಎಲ್ಲಕ್ಕೂ ಮೇಲೆ ಕಲ್ಲಿನ ಚೂರು ಬೆರೆತ ಸಿಮೆಂಟಿನ ಒಂದು ತೆಳು ಪದರ. ಸಿಮೆಂಟು ಒಣಗುವಾಗ ಕುಗ್ಗಿ ಎಲ್ಲೆಂದರಲ್ಲಿ ಬಿರುಕು ಬಿಡದಿರಲೆಂದು ನೆಲವನ್ನು ಗಾಜಿನ ಅಥವಾ ಹಿತ್ತಾಳೆಯ ಪಟ್ಟಿಗಳಿಂದ ಚೌಕಗಳಾಗಿ ಭಾಗ ಮಾಡುತ್ತಾರೆ. ಗಟ್ಟಿಯಾದ ಬಳಿಕ ನೀರು ಹೊಯ್ದು, ಒರಟು ಸಾಣೆಕಲ್ಲಿನಿಂದ ಆರಂಭಿಸಿ ನುಣುಪು ಕಲ್ಲಿನವರೆಗೆ ತಿಕ್ಕಿದಾಗ ಚೂರುಗಳು ಮುಖ ತೋರಿಸುತ್ತವೆ. ಒಂದು ಚೌಕದಂತೆ ಇನ್ನೊಂದಿರುವುದಿಲ್ಲ. ಬಾಲಕರು ಅಂಗಾತ ಮಲಗಿ ಮೋಡಗಳಲ್ಲಿ ಆನೆ ಕುದುರೆಗಳನ್ನು ಕಾಣುವಂತೆ, ಬೋರಲು ಮಲಗಿ ಈ ನೆಲದಲ್ಲಿಯೂ ಕಾಣುತ್ತಿದ್ದರು.

ಆ ಮನೆಯ ಮಗನೂ ಹಾಗೆಯೇ ಬೆಳೆದವನು. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿತೇ? 1996ರಲ್ಲಿ ಅವನ ಮದುವೆ ನಿಶ್ಚಯವಾದಾಗ ನೆಲ ಮಂಕಾಗಿ, ಹಳತಾಗಿ ಕಂಡಿತು. ಅದರ ಮೇಲೆಯೇ ಗಾರೆ ಹಾಸಿ, ನೆರೆಮನೆಯವರು ಹೊಗಳುವಂತಹ ಹೊಳೆಯುವ ಸೆರಾಮಿಕ್ ಟೈಲುಗಳನ್ನು ಹಾಕಿಸಿದನು. ಹೊಸ್ತಿಲು ಹೂತಿತು, ಬಾಗಿಲುಗಳು ಗಿಡ್ಡವಾದವು. ತಂದೆ ಏನೂ ಆಡಲಿಲ್ಲ. ಕೆಲಸ ಮುಗಿಯುವವರೆಗೆ ಎರಡು ದಿನ ಹಿತ್ತಲಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಅಷ್ಟೆ.

ಅವರು ತೀರಿಕೊಂಡು ಬಹಳ ವರ್ಷಗಳಾದ ಮೇಲೆ, ಎಂಬತ್ತು ದಾಟಿದ ತಾಯಿ ಒದ್ದೆ ಟೈಲಿನ ಮೇಲೆ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಬಾಗಿಲ ಬಳಿಯ ಟೈಲು ಅದಾಗಲೇ ಒಡೆದು ಟೊಳ್ಳು ಸದ್ದು ಮಾಡುತ್ತಿದ್ದುದರಿಂದ ಎಲ್ಲವನ್ನೂ ಬದಲಿಸುವ ಮಾತು ಹುಟ್ಟಿತು. ಕಂಟ್ರಾಕ್ಟರು ಬಂದು, “ಕೀಳುವ ರಗಳೆ ಯಾಕೆ ಸಾರ್? ಇದರ ಮೇಲೆಯೇ ಇನ್ನೊಂದು ಹಾಕಿಬಿಡೋಣ” ಎಂದನು. ಒಂದಂಗುಲ ಗಾರೆ ಎಂದರೆ ಚದರ ಮೀಟರಿಗೆ 50 ಕಿಲೋಗ್ರಾಮಿನಷ್ಟು ಭಾರ. ಟೈಲಿನ ತೂಕ ಬೇರೆ. ಹೊಸ್ತಿಲಂತೂ ಪೂರ್ತಿಯಾಗಿ ಮುಳುಗಿಹೋಗುತ್ತಿತ್ತು.

ಒಡೆದ ಟೈಲನ್ನು ಎತ್ತಿ ನೋಡಿದವಳು ಮೊಮ್ಮಗಳು. ಕೆಳಗಿನ ಗಾರೆ ಒಂದು ಕಡೆ ಹಪ್ಪಳದಂತೆ ಎದ್ದು ಬಂದಿತು. ಅದರಡಿಯಲ್ಲಿ ಬೂದುಬಣ್ಣ, ನಡುವೆ ಕೆಂಗಂದು ಚೂರು. “ಅಜ್ಜಿ, ಇದೇನು?” ಎಂದಳು. ಅಜ್ಜಿ ಕೋಲೂರಿಕೊಂಡು ಬಂದು ನೋಡಿ, “ನಿಮ್ಮ ತಾತನ ನೆಲ ಕಣೇ” ಎಂದರು.

ಕೀಳುವುದೆಂದು ನಿರ್ಧಾರವಾಯಿತು. ಮೊಸಾಯಿಕ್ ಪಾಲಿಷಿನಲ್ಲಿ ತಲೆ ನರೆತ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆತಂದರು. ಅವರು ಮೊದಲು ಮಾಡಿದ್ದು ಬೆಲೆ ಹೇಳುವುದನ್ನಲ್ಲ. ಮೂಲೆಯಲ್ಲಿ ಎರಡು ಚದರಡಿಯನ್ನು ಬಿಡಿಸಿ, ತಿಕ್ಕಿ ತೋರಿಸಿದರು. “ಮೂಲೆ ಹೇಳಿದ ಮೇಲೆ ನಡುಮನೆ ಮಾತು ಆಡೋಣ” ಎಂದರು. ಬಹು ವಿವೇಕದ ಮಾತು. ಅಡಿಯ ನೆಲವೇ ತಳದಿಂದ ಬಿಟ್ಟು ಟೊಳ್ಳಾಗಿದ್ದರೆ, ಅಥವಾ ಕಾಂಕ್ರೀಟಿನ ಬಿರುಕು ಮೇಲಕ್ಕೂ ಹಾಯ್ದಿದ್ದರೆ, ಆ ಸಾಹಸಕ್ಕೆ ಕೈಹಾಕದಿರುವುದೇ ಮೇಲು.

ಉಳಿಯನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿದು, ಟೈಲನ್ನು ಮೇಲಿನಿಂದ ಒಡೆಯದೆ ಪಕ್ಕದಿಂದ ಎಬ್ಬಿಸುತ್ತ ಹೋದರು. ಮೂರನೆಯ ದಿನ, ಮಗನು ಹೆದರಿದ್ದೇ ಕಣ್ಣಿಗೆ ಬಿದ್ದಿತು. ಹೊಸ ಗಾರೆ ಹಿಡಿದುಕೊಳ್ಳಲೆಂದು ಅಂದಿನ ಕೆಲಸಗಾರರು ನುಣುಪು ನೆಲವನ್ನು ಗೇಣಿಗೊಂದರಂತೆ ಉಳಿಯಿಂದ ಕೊಚ್ಚಿದ್ದರು. ನಡುಮನೆಯ ತುಂಬ ಸಿಡುಬಿನ ಕಲೆಗಳಂತೆ ಗುಂಡಿಗಳು. ಎರಡು ದಿನ ತಂದೆ ಹಿತ್ತಲಲ್ಲಿ ಕುಳಿತು ಕೇಳಿಸಿಕೊಂಡದ್ದು ಯಾವ ಸದ್ದನ್ನು ಎಂಬುದು ಮಗನಿಗೆ ಆಗ ಹೊಳೆಯಿತು. ಅವನು ಆ ಸಂಜೆ ಊಟಕ್ಕೆ ಏಳಲಿಲ್ಲ.

ಮೇಸ್ತ್ರಿಗೆ ಅದು ಹೊಸತಲ್ಲ. ಗುಂಡಿಗಳ ಧೂಳು ತೆಗೆದು, ನೀರಿನಿಂದ ನೆನೆಸಿ, ಹಳೆಯ ಚೂರುಗಳ ಬಣ್ಣಕ್ಕೂ ಗಾತ್ರಕ್ಕೂ ಹೊಂದುವ ಚೂರುಗಳನ್ನು ಆರಿಸಿ, ಸಿಮೆಂಟಿಗೆ ಬಣ್ಣ ಬೆರೆಸಿ ಒಂದೊಂದನ್ನೂ ತುಂಬಿದರು. ಬಣ್ಣ ಒದ್ದೆಯಲ್ಲಿ ಒಂದು, ಒಣಗಿದಾಗ ಇನ್ನೊಂದು. ಆದುದರಿಂದ ಮೊದಲು ಹಲಗೆಯ ಮೇಲೆ ಮಾದರಿ ಮಾಡಿ ಒಣಗಿಸಿ ನೋಡಿದರು. ಹಲವು ದಿನ ತೇವ ಆರದಂತೆ ಕಾಯ್ದ ಮೇಲೆ ಯಂತ್ರ ಬಂದಿತು. ಮೊದಲು 60ನೆಯ ನಂಬರಿನ ಒರಟು ಕಲ್ಲು, ಆಮೇಲೆ 120, ಕೊನೆಗೆ 320. ನಡುನಡುವೆ ಸಣ್ಣ ರಂಧ್ರಗಳಿಗೆ ಸಿಮೆಂಟಿನ ತಿಳಿ. ತಿಕ್ಕುವಾಗ ನೀರು ಬಿಡಲೇಬೇಕು. ಒಣ ಧೂಳು ಶ್ವಾಸಕೋಶಕ್ಕೆ ಕೇಡು; ಕೀಳುವಾಗಲೂ ಮೂಗು ಬಾಯಿ ಮುಚ್ಚಿಕೊಳ್ಳದ ಕೆಲಸಗಾರನನ್ನು ಮನೆಯವರು ತಡೆಯಬೇಕಾದುದು ಕರ್ತವ್ಯ. ಹರಿದ ಬೂದುರಾಡಿಯನ್ನು ಮೋರಿಗೆ ಬಿಟ್ಟರೆ ಅದು ಅಲ್ಲಿಯೇ ಗಟ್ಟಿಯಾಗುವುದರಿಂದ, ಬಕೆಟ್ಟುಗಳಲ್ಲಿ ತುಂಬಿ ಹೊರಗೆ ಸಾಗಿಸಿದರು.

ಕನ್ನಡಿಯಂತಹ ಹೊಳಪು ಬೇಕೇ ಎಂದು ಮೇಸ್ತ್ರಿ ಕೇಳಿದಾಗ ಮನೆಯವರು ಬೇಡವೆಂದರು. ಒದ್ದೆಯಾದರೆ ಮೊಸಾಯಿಕ್ ಕೂಡ ಜಾರುವುದೇ. ಮೇಣ ಬಳಿದರೆ ಇನ್ನೂ ಹೆಚ್ಚು. ಆದ್ದರಿಂದ ಮಂದ ಹೊಳಪಿಗೇ ನಿಲ್ಲಿಸಿ, ಕಲೆ ಇಳಿಯದಂತೆ ಒಳಕ್ಕೆ ಹೀರಿಕೊಳ್ಳುವ ಲೇಪವನ್ನು ಹಚ್ಚಿಸಿ, ಬಚ್ಚಲ ದಾರಿಗೆ ಹಿಡಿಗಂಬಿ ಹಾಕಿಸಿದರು. ಗೃಹಿಣಿಯರು ನೆನಪಿಡಬೇಕಾದ ಮಾತು ಇನ್ನೊಂದಿದೆ. ಅಮೃತಶಿಲೆಗೆ ಹುಳಿಯೇ ಶತ್ರು. ನಿಂಬೆರಸ, ಹುಣಿಸೆಯ ನೀರು ಚೆಲ್ಲಿದರೆ ಆಗಲೇ ಒರಸಬೇಕು. ಬಚ್ಚಲು ತೊಳೆಯುವ ಆಸಿಡ್ಡನ್ನಂತೂ ಈ ನೆಲದ ಹತ್ತಿರಕ್ಕೂ ತರಕೂಡದು. ಸೌಮ್ಯವಾದ ಸಾಬೂನು ನೀರು ಸಾಕು.

ತುಂಬಿದ ಗುಂಡಿಗಳು ಮಾತ್ರ ಪೂರ್ತಿ ಮರೆಯಾಗಲಿಲ್ಲ. ಓರೆಯ ಬಿಸಿಲಿನಲ್ಲಿ ದಿಟ್ಟಿಸಿದರೆ, ಸುತ್ತಲಿನದಕ್ಕಿಂತ ಒಂದು ಛಾಯೆ ತಿಳಿಯಾದ ಬೊಟ್ಟುಗಳು ಕಾಣುತ್ತವೆ. ಬಾಗಿಲ ಬಳಿ, ಕಪ್ಪು ಚೂರುಗಳಲ್ಲಿ ಬರೆದ 1962 ಎಂಬ ಅಂಕಿಯ ಕೊನೆಯ ಎರಡರ ಮೇಲೆಯೇ ಒಂದು ಬೊಟ್ಟು. ಅದೊಂದು ಚೌಕವನ್ನಾದರೂ ಕಿತ್ತು ಹೊಸದಾಗಿ ಹಾಕಿಸುತ್ತೇನೆಂದು ಮಗ ಹೊರಟಾಗ ತಾಯಿ ತಡೆದರು.

“ಬೇಡ ಬಿಡಪ್ಪ. ಹಾಕಿಸಿದವರೂ ನಮ್ಮವರೇ, ಕೊಚ್ಚಿಸಿದವರೂ ನಮ್ಮವರೇ. ಗುರುತು ಇರಲಿ.”

ಹಳೆಯದೆಲ್ಲ ಉಳಿಯಬೇಕೆಂದು ಯಾರೂ ಹಟ ಹಿಡಿಯಬೇಕಾಗಿಲ್ಲ. ಆದರೆ ಮುಚ್ಚುವ ಮುನ್ನ ಏನನ್ನು ಮುಚ್ಚುತ್ತಿದ್ದೇವೆಂದು ಮನೆಯ ಹಿರಿಯರನ್ನು ಒಂದು ಮಾತು ಕೇಳುವುದಕ್ಕೆ ಖರ್ಚೇನೂ ಇಲ್ಲ. ಆ ಮನೆಯ ಹೊಸ್ತಿಲು ಈಗ ಮತ್ತೆ ಮೂರು ಬೆರಳು ಎತ್ತರವಿದೆ. ಹೆರೆದ ಬಾಗಿಲುಗಳ ಕೆಳಗೆ ಮಾತ್ರ ಸಂದು ಉಳಿದುಹೋಯಿತು. ಅಲ್ಲಿಗೆ ಬಡಗಿ ಹೊಸ ಮರದ ಪಟ್ಟಿಗಳನ್ನು ಕೂಡಿಸಿ ಹೋಗಿದ್ದಾನೆ.